ಹೆಸ್ಕಾಂ 'ಕಂಪನಿ' ಅಂದಮೇಲೆ ಅದು ಖಾಸಗಿಯೇ?

ಮಳೆಗಾಲದಲ್ಲಿ ಮರ ಬಿದ್ದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಕರೆಂಟ್ ಹೋದಾಗ ಒಂದು ಮಾತು ಕೇಳಿಬರುತ್ತದೆ: "ಕೆಇಬಿ ಇದ್ದಾಗಲೇ ಚೆನ್ನಾಗಿತ್ತು. ಈಗ ಪ್ರೈವೇಟ್ ಕಂಪನಿ, ಕೇಳೋರೇ ಇಲ್ಲ."

ಕರೆಂಟ್ ಹೋಗುವುದು ನಿಜ. ಪ್ರೈವೇಟ್ ಅನ್ನುವುದು ಸುಳ್ಳು. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು. 2002ರ ಜೂನ್‌ನಲ್ಲಿ ವಿತರಣೆಯ ಕೆಲಸ ಬೇರೆಯಾಗಿ, ಉತ್ತರ ಕನ್ನಡವೂ ಸೇರಿ ಏಳು ಜಿಲ್ಲೆಗಳು ಹುಬ್ಬಳ್ಳಿಯ ಹೆಸ್ಕಾಂ ಪಾಲಿಗೆ ಬಂದವು. ಅದರ ಒಡೆತನ ರಾಜ್ಯ ಸರ್ಕಾರದ್ದೇ. ಮೈಸೂರು ಸ್ಯಾಂಡಲ್ ಸೋಪ್ ಮಾಡುವುದೂ ಕಂಪನಿಯೇ, ಅದೂ ಸರ್ಕಾರದ್ದೇ. 'ಕಂಪನಿ' ಎನ್ನುವುದು ನೋಂದಣಿಯ ರೀತಿ ಅಷ್ಟೇ, ಮಾಲೀಕ ಯಾರು ಎಂದು ಅದು ಹೇಳುವುದಿಲ್ಲ.

ಕರೆಂಟ್ ಜನರದ್ದಾಗಿರಬೇಕು ಎಂದು ಜನರನ್ನು ಒಪ್ಪಿಸಲು ಅಮೆರಿಕದಲ್ಲಿ ಭಾಷಣ, ರೇಡಿಯೊ ಎಲ್ಲ ಬೇಕಾದವು. ಅಲ್ಲಿ ಖಾಸಗಿಯವರ ಹಿಡಿತ ಬಲವಾಗಿತ್ತು. 1932ರ ಸೆಪ್ಟೆಂಬರ್‌ನಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಮಾತನಾಡಿದ ರೂಸ್‌ವೆಲ್ಟ್, ಖಾಸಗಿ ಸೇವೆ ಸರಿಯಿಲ್ಲದಿದ್ದರೆ ಊರಿನವರೇ ವಿದ್ಯುತ್ ಸಂಸ್ಥೆ ಕಟ್ಟಿಕೊಳ್ಳುವ ಹಕ್ಕು ಇರಬೇಕು ಎಂದರು. ಅಧ್ಯಕ್ಷರಾದ ಮೇಲೆ 1933ರ ಮೇನಲ್ಲಿ ಟೆನೆಸ್ಸಿ ಕಣಿವೆಯ ಯೋಜನೆಯನ್ನು ರೇಡಿಯೊದಲ್ಲೇ ಜನರಿಗೆ ತಿಳಿಸಿದರು.

ನಮ್ಮಲ್ಲಿ ಅಂಥ ಪ್ರಚಾರ ಅಷ್ಟಾಗಿ ಬೇಕಾಗಲಿಲ್ಲ. ಶಿವನಸಮುದ್ರದಲ್ಲಿ 1902ರಲ್ಲೇ ಮೈಸೂರು ಸರ್ಕಾರ ವಿದ್ಯುತ್ ತಯಾರಿಸಿತ್ತು. (ನಮ್ಮ ಮೂರು ತಾಲೂಕುಗಳು 1956ರವರೆಗೆ ಮುಂಬಯಿ ಕಡೆ ಇದ್ದವು. ಸಿದ್ದಾಪುರದ ಪಕ್ಕದ ಜೋಗದಲ್ಲಿ ವಿದ್ಯುತ್ ಹುಟ್ಟಿದರೂ ಅದು ಬೇರೆ ಸೀಮೆಯದು!) ಸದಸ್ಯರೇ ಮಾಲೀಕರಾದ ಸಂಸ್ಥೆಯೂ ನಮ್ಮಲ್ಲಿದೆ: ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ.

ಹಾಗಂತ ಸರ್ಕಾರಿ ಎಂದ ಮಾತ್ರಕ್ಕೆ ಸೇವೆ ಚೆನ್ನಾಗಿರುತ್ತದೆ ಎಂದಲ್ಲ. ಕಾಡಿನ ನಡುವೆ ಉದ್ದುದ್ದ ತಂತಿ, ದೂರದೂರದ ಮನೆಗಳು. ಮಾಲೀಕ ಯಾರೇ ಆದರೂ ಮರ ಬೀಳುತ್ತದೆ. ಆದರೆ ಸರ್ಕಾರಿ ಸಂಸ್ಥೆಯಾದ್ದರಿಂದ ಮಾಹಿತಿ ಹಕ್ಕಿನಡಿ ನಿಮ್ಮೂರಿನ ಲೈನಿನಲ್ಲಿ ಎಷ್ಟು ಗಂಟೆ ಕರೆಂಟ್ ಇರಲಿಲ್ಲ ಎಂದು ಅರ್ಜಿ ಹಾಕಿ ಕೇಳಬಹುದು. ದರವನ್ನೂ ಹೆಸ್ಕಾಂ ತಾನೇ ಏರಿಸುವಂತಿಲ್ಲ. ಅದು ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಅರ್ಜಿ ಸಲ್ಲಿಸಬೇಕು, ಆಯೋಗ ಜನರ ಆಕ್ಷೇಪಣೆ ಕೇಳಬೇಕು. ಆ ಪ್ರಕಟಣೆ ಪೇಪರಿನಲ್ಲಿ ಬಂದಾಗ ಫೋಟೊ ತೆಗೆದು ಊರಿನ ಗ್ರೂಪಿಗೆ ಹಾಕಿ. ಆಕ್ಷೇಪಣೆಗೆ ಕೊನೆಯ ದಿನಾಂಕ ಅದರಲ್ಲೇ ಇರುತ್ತದೆ.