ಹುದ್ದೆಯೇ ವೃತ್ತಿಯಲ್ಲ

ಬೆರಳಚ್ಚು, ಶೀಘ್ರಲಿಪಿಗಳ ಪ್ರಮಾಣಪತ್ರ ಹಿಡಿದು ಮುಂಬಯಿ, ದೆಹಲಿಗಳ ರೈಲು ಹತ್ತಿದ ನಮ್ಮ ಹಿರಿಯರಿಗೆ ವೃತ್ತಿಯ ಯೋಜನೆ ಎಂಬ ಮಾತೇ ಅಪರಿಚಿತವಾಗಿತ್ತು. ಒಮ್ಮೆ ಕೆಲಸ ಕಾಯಮಾದರೆ ಬಡ್ತಿಯನ್ನು ಜ್ಯೇಷ್ಠತೆಯ ಪಟ್ಟಿಯೂ ಮುಪ್ಪನ್ನು ನಿವೃತ್ತಿವೇತನವೂ ನೋಡಿಕೊಳ್ಳುತ್ತಿದ್ದವು. ಆ ನೆಮ್ಮದಿಯನ್ನು ನಾನು ಹೀಗಳೆಯಲಾರೆ. ಹೊರನಾಡಿನಲ್ಲಿ ನಾವು ಮನೆ ಮಾಡಿದ್ದು, ಮಕ್ಕಳನ್ನು ಓದಿಸಿದ್ದು, ಸಂಘಗಳನ್ನು ಬೆಳೆಸಿದ್ದು ಅದರ ಬಲದಿಂದಲೇ.

ಆದರೆ ಆ ನೆಲ ಕದಲಿದೆ. 2004ರ ಜನವರಿ 1ರಿಂದ, ಸೇನೆಯನ್ನು ಬಿಟ್ಟು, ಕೇಂದ್ರ ಸೇವೆಗೆ ಸೇರಿದವರಿಗೆ ಹಳೆಯ ನಿವೃತ್ತಿವೇತನದ ಬದಲು ವಂತಿಗೆಯ ಪದ್ಧತಿ ಬಂತು. 2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತಿತು. ಕರಾವಳಿಯ ಎಷ್ಟೋ ತರುಣರನ್ನು ದೇಶದ ಮೂಲೆಮೂಲೆಗೆ ಕಳುಹಿಸಿದ ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಐವತ್ತು ದಾಟಿದ ನನ್ನಂಥ ಅಧಿಕಾರಿಗಳ ಸೇವೆಯನ್ನು ಮೂಲ ನಿಯಮ 56(ಜೆ) ಅನ್ವಯ ಪರಿಶೀಲಿಸಿ, ಅವಧಿಗೆ ಮುನ್ನವೇ ನಿವೃತ್ತಿಗೊಳಿಸುವ ಅಧಿಕಾರವೂ ಸರಕಾರಕ್ಕಿದೆ.

ಹಾಗೆಂದು, ಕಾಲ ಬದಲಾಯಿತು, ನೌಕರನೂ ಬದಲಾಗಲಿ ಎಂದು ಕೈತೊಳೆದುಕೊಳ್ಳುವ ಆಡಳಿತವನ್ನು ಒಪ್ಪಲಾಗದು. ತರಬೇತಿ ಕೊಡುವುದು ಉದ್ಯೋಗದಾತನ ಧರ್ಮ. ಕೇಂದ್ರ ಸಚಿವ ಸಂಪುಟ 2020ರಲ್ಲಿ ‘ಮಿಷನ್ ಕರ್ಮಯೋಗಿ’ಗೆ ಒಪ್ಪಿಗೆಯಿತ್ತದ್ದು ಈ ಹೊಣೆಯನ್ನು ಒಪ್ಪಿಕೊಂಡಂತೆಯೇ. ಆದರೆ ಗಣಕದ ಮುಂದೆ ಕುಳಿತು ಪ್ರಮಾಣಪತ್ರಗಳನ್ನು ಪೇರಿಸಿದ ಮಾತ್ರಕ್ಕೆ ಕಲಿತಂತಾಗುವುದಿಲ್ಲ. ಯಾವುದನ್ನು, ಏತಕ್ಕಾಗಿ ಕಲಿಯಬೇಕೆಂಬ ನಿರ್ಧಾರ ನಮ್ಮದೇ.

ಅದಕ್ಕೊಂದು ಸಾಧನ ನಮ್ಮ ಕೈಯಲ್ಲಿದೆ. ಹಿಂದೆ ಗೌಪ್ಯ ವರದಿಯಲ್ಲಿ ಪ್ರತಿಕೂಲ ಮಾತಿದ್ದರೆ ಮಾತ್ರ ನಮಗೆ ತಿಳಿಸುತ್ತಿದ್ದರು. 2008-09ರ ಸಾಲಿನಿಂದ ಪೂರ್ಣ ವರದಿಯನ್ನೇ ತೋರಿಸಬೇಕೆಂದಾಯಿತು. ಅದರಲ್ಲಿ ಸ್ವಮೌಲ್ಯಮಾಪನ ಬರೆಯುವವರು ನಾವೇ. ಕಳೆದ ವರ್ಷದ ವಾಕ್ಯಗಳನ್ನೇ ನಕಲು ಮಾಡಿ ಸಹಿ ಹಾಕುವ ಸಹೋದ್ಯೋಗಿಗಳನ್ನು ಪ್ರತಿ ವರ್ಷವೂ ಕಾಣುತ್ತೇನೆ. ಈ ವರ್ಷ ಹೊಸದಾಗಿ ಏನು ಮಾಡಿದೆ, ನನ್ನ ಯಾವ ಕೆಲಸವನ್ನು ಗಣಕವೇ ಮಾಡತೊಡಗಿದೆ, ಮುಂದಿನ ವರ್ಷಕ್ಕೆ ಏನು ಕಲಿಯಬೇಕು ಎಂಬ ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆದರೆ ಅದೇ ವೃತ್ತಿಯ ಯೋಜನೆ. ಬಡ್ತಿ ಬರಲಿ, ಬಾರದಿರಲಿ, ಆ ಕಲಿಕೆ ನಮ್ಮಲ್ಲೇ ಉಳಿಯುತ್ತದೆ.

ಇದನ್ನು ಒಬ್ಬೊಬ್ಬರೇ ಮಾಡಬೇಕಾಗಿಯೂ ಇಲ್ಲ. ನಮ್ಮ ಸಂಘಗಳಲ್ಲಿ ಇಲಾಖೆಗಳ ಒಳಹೊರಗನ್ನು ಬಲ್ಲ ನಿವೃತ್ತರಿದ್ದಾರೆ, ಹೊಸ ತಂತ್ರಜ್ಞಾನವನ್ನು ಬಲ್ಲ ತರುಣರಿದ್ದಾರೆ. ಇಬ್ಬರೂ ಕೂಡುವುದು ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಮಾತ್ರ. ವರ್ಷಕ್ಕೆ ಎರಡು ಸಂಜೆಗಳನ್ನಾದರೂ ಈ ವಿಚಾರಕ್ಕೆ ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿಗಳಲ್ಲಿ ನನ್ನ ವಿನಂತಿ.