ತಿರುಗಿ ಬರುವವರ ವಿಷಯವಾಗಿ

'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಕಾಲ ಮೀರಿದ ಮೇಲೆ ಎಚ್ಚತ್ತುಕೊಂಡವರನ್ನು ಹಾಸ್ಯಮಾಡುವದಕ್ಕೆ ಹಿರಿಯರು ಇದನ್ನು ಹೇಳುವದುಂಟು. ಲೋಕವ್ಯವಹಾರದಲ್ಲಿ ಈ ಮಾತು ಒಪ್ಪತಕ್ಕದ್ದೇ. ಅಡಿಗೆ ಮುಗಿದ ಮೇಲೆ ಉರಿಯುವ ಒಲೆಯಿಂದ ಯಾರಿಗೆ ಪ್ರಯೋಜನ? ಆದರೆ ದೇವರ ಮನೆಯಲ್ಲಿ ಈ ಗಾದೆಯು ಸಲ್ಲುವದಿಲ್ಲವೆಂಬದೇ ಸುವಾರ್ತೆಯ ಸಾರ.

ಲೂಕನು ಬರೆದ ಸುವಾರ್ತೆಯ 15ನೆಯ ಅಧ್ಯಾಯದ ಸಾಮ್ಯವನ್ನು ಈ ಶಾಲೆಯಲ್ಲಿ ಓದಿದ ಪ್ರತಿಯೊಬ್ಬ ಹುಡುಗಿಯೂ ಬಲ್ಲಳು. ಕಿರಿಯ ಮಗನಿಗೆ ಬುದ್ಧಿ ಬಂದದ್ದು ಕೆಟ್ಟ ಮೇಲೆಯೇ. ಆಸ್ತಿಯೆಲ್ಲ ಕರಗಿ, ಹಂದಿಗಳ ನಡುವೆ ಹಸಿದು ಕುಳಿತ ಮೇಲೆಯೇ. ಆದರೂ ತಂದೆಯು ಅವನನ್ನು ಹಂಗಿಸಲಿಲ್ಲ. ಸಂಸ್ಕೃತದಲ್ಲಿ ಕ್ಷಮೆ ಎಂಬ ಶಬ್ದಕ್ಕೆ ಭೂಮಿಯೆಂಬ ಅರ್ಥವೂ ಉಂಟು. ಭೂಮಿಯು ಎಲ್ಲವನ್ನೂ ಹೊರುತ್ತದೆ, ಸಹಿಸುತ್ತದೆ. ಆದರೆ ಇದ್ದಲ್ಲಿಯೇ ಇರುತ್ತದೆ. ಸಾಮ್ಯದ ತಂದೆಯಾದರೋ ಸಹಿಸಿಕೊಂಡು ಸುಮ್ಮನೆ ಕೂಡ್ರಲಿಲ್ಲ. ದೂರದಲ್ಲಿಯೇ ಮಗನನ್ನು ಕಂಡು, ವಯಸ್ಸನ್ನೂ ಗೌರವವನ್ನೂ ಮರೆತು ಓಡಿಹೋಗಿ ಅಪ್ಪಿಕೊಂಡನು. ಮಗನು ಕಟ್ಟಿಕೊಂಡು ಬಂದಿದ್ದ ಅರಿಕೆಯ ಮಾತುಗಳು ಪೂರ್ತಿಯಾಗುವದಕ್ಕೆ ಮುಂಚೆಯೇ ಅಂಗಿಯನ್ನೂ ಉಂಗುರವನ್ನೂ ಜೋಡನ್ನೂ ತರಿಸಿದನು.

ಸಾಮಾನ್ಯವಾಗಿ ನಮ್ಮ ಪ್ರಸಂಗಗಳು ಇಲ್ಲಿಯೇ ಮುಗಿಯುತ್ತವೆ. ಸ್ವಾಮಿಯ ಕಥೆಯು ಇಲ್ಲಿ ಮುಗಿಯುವದಿಲ್ಲ. ಹೊಲದಿಂದ ಬಂದ ಹಿರಿಯ ಮಗನು ವಾದ್ಯದ ಧ್ವನಿಯನ್ನು ಕೇಳಿ, ಸಿಟ್ಟುಗೊಂಡು, ಅಂಗಳದಲ್ಲಿಯೇ ನಿಂತುಬಿಟ್ಟನು. ತಂದೆಯು ಹೊರಗೆ ಬಂದು ಅವನನ್ನೂ ಬೇಡಿಕೊಳ್ಳಬೇಕಾಯಿತು. ಅವನು ಒಳಗೆ ಹೋದನೋ ಇಲ್ಲವೋ ಎಂಬದನ್ನು ಸ್ವಾಮಿಯು ಹೇಳಲಿಲ್ಲ. ಉತ್ತರವನ್ನು ಕೇಳುಗರಿಗೇ ಬಿಟ್ಟನು. ದೇವರು ಕ್ಷಮಿಸುವನೋ ಎಂಬ ವಿಷಯದಲ್ಲಿ ನನಗೆ ಸಂಶಯವಿಲ್ಲ. ಮನೆಯಲ್ಲಿಯೇ ಉಳಿದ ನಾವು ಬಾಗಿಲಿಗೆ ಅಡ್ಡವಾಗಿ ನಿಂತಿದ್ದೇವೋ ಎಂಬದೇ ನನ್ನ ಚಿಂತೆ.

ನನ್ನ ಸ್ವಂತ ತಪ್ಪಿನಿಂದ ನಾನು ಇದನ್ನು ಕಲಿತೆನು. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿನಿಯರು ಕೂಡಿದ ಆರಾಧನೆಯ ದಿನ, ಪ್ರಾರ್ಥನಾಲಯದ ಜಗಲಿಯ ಕಂಬದ ಬಳಿಯಲ್ಲಿ ಒಬ್ಬಳು ನಿಂತಿದ್ದಳು. ದೇವಾಲಯವನ್ನೂ ಮನೆಯವರನ್ನೂ ಬಿಟ್ಟು ಹೋಗಿ ಬಹುಕಾಲವಾಗಿತ್ತು. ಅವಳ ವಿಷಯವಾಗಿ ಊರಿನಲ್ಲಿ ಹತ್ತು ಮಾತು ಹುಟ್ಟಿದ್ದವು. ನಾನು ಗುರುತು ಹಿಡಿದು, "ಇಷ್ಟು ದಿನ ಎಲ್ಲಿದ್ದೆ?" ಎಂದು ಕೇಳಿದೆನು. ಮಾತು ಸಣ್ಣದು. ಆದರೆ ತಡವಾಗಿ ಬಂದ ಹುಡುಗಿಯನ್ನು ತರಗತಿಯ ಬಾಗಿಲಲ್ಲಿ ನಿಲ್ಲಿಸಿ ಕೇಳುವ ಧ್ವನಿ ಅದರಲ್ಲಿತ್ತು. ಅವಳು ತಲೆ ತಗ್ಗಿಸಿದಳು. ಪ್ರಾರ್ಥನೆ ಮುಗಿದು ನಾನು ಹೊರಗೆ ಬಂದಾಗ ಕಂಬದ ಬಳಿಯಲ್ಲಿ ಯಾರೂ ಇರಲಿಲ್ಲ. ನಾನು ಎರಡು ಸಾರಿ ಪತ್ರ ಬರೆದೆನು, ಉತ್ತರ ಬರಲಿಲ್ಲ. ದೇವರು ಓಡಿಹೋಗಿ ಎದುರುಗೊಳ್ಳುತ್ತಿದ್ದವಳನ್ನು ನಾನು ಹಾಜರಿಯ ಪುಸ್ತಕ ಹಿಡಿದು ಎದುರುಗೊಂಡೆನು.

ಬಿಟ್ಟುಹೋದವರನ್ನು ತಿರುಗಿ ಸೇರಿಸಿಕೊಳ್ಳಬೇಕೋ ಬಾರದೋ ಎಂಬದು ಕ್ರೈಸ್ತಸಭೆಗೆ ಹೊಸ ಪ್ರಶ್ನೆಯಲ್ಲ. ಕ್ರಿ. ಶ. 250ರ ಸುಮಾರಿಗೆ ರೋಮಿನ ಚಕ್ರವರ್ತಿಯಾದ ಡೀಸಿಯಸನು ತನ್ನ ಪ್ರಜೆಗಳು ದೇವತೆಗಳಿಗೆ ಬಲಿಯನ್ನರ್ಪಿಸಿ ಅದಕ್ಕೆ ಪ್ರಮಾಣಪತ್ರವನ್ನು ಪಡೆಯಬೇಕೆಂದು ಆಜ್ಞೆಮಾಡಿದನು. ಅಂಥ ಪತ್ರಗಳಲ್ಲಿ ಕೆಲವು ಈಜಿಪ್ಟ್ ದೇಶದಲ್ಲಿ ಈಗಲೂ ದೊರೆತಿವೆ. ಅನೇಕ ಕ್ರೈಸ್ತರು ಸೆರೆಮನೆಗೆ ಹೋದರು, ಕೆಲವರು ಪ್ರಾಣ ಕೊಟ್ಟರು. ಆದರೆ ಬಹುಮಂದಿ ಹೆದರಿ ಧೂಪ ಹಾಕಿದರು. ಇನ್ನು ಕೆಲವರು ಹಣ ಕೊಟ್ಟು ಸುಳ್ಳು ಪತ್ರವನ್ನು ಕೊಂಡುಕೊಂಡರು. ಹಿಂಸೆಯು ತಗ್ಗಿದಾಗ ಅವರು ಅಳುತ್ತಾ ಸಭೆಯ ಬಾಗಿಲಿಗೆ ಬಂದರು.

ಆಗ ಎರಡು ಪಕ್ಷಗಳಾದವು. ಏನೂ ವಿಚಾರಿಸದೆ ಎಲ್ಲರನ್ನೂ ಕೂಡಲೇ ಸೇರಿಸಬೇಕೆಂದು ಒಂದು ಪಕ್ಷ. ರೋಮಿನ ನೊವೇಷಿಯನನ ಪಕ್ಷವಾದರೋ ಬಿದ್ದವರಿಗೆ ಸಭೆಯಲ್ಲಿ ಇನ್ನು ಸ್ಥಳವೇ ಇಲ್ಲವೆಂದು ಹೇಳಿತು. ಕಾರ್ಥೇಜಿನ ಬಿಷಪ್ಪನಾದ ಸಿಪ್ರಿಯನನು ಎರಡನ್ನೂ ಒಪ್ಪಲಿಲ್ಲ. 251ರಲ್ಲಿ ಅಲ್ಲಿ ಕೂಡಿದ ಬಿಷಪ್ಪರ ಸಭೆಯು ಒಬ್ಬೊಬ್ಬರ ಸಂಗತಿಯನ್ನೂ ಪ್ರತ್ಯೇಕವಾಗಿ ವಿಚಾರಿಸಿ, ಪಶ್ಚಾತ್ತಾಪಪಟ್ಟವರಿಗೆ ದಾರಿಯನ್ನು ತೆರೆಯಬೇಕೆಂದು ನಿರ್ಣಯಿಸಿತು. ಒಂದೆರಡು ವರ್ಷಗಳೊಳಗೆ ಮತ್ತೆ ಹಿಂಸೆಯ ಸೂಚನೆ ಕಂಡಾಗ, ಬಲಿಯನ್ನರ್ಪಿಸಿ ಬಿದ್ದು ಪಶ್ಚಾತ್ತಾಪದಲ್ಲಿದ್ದವರನ್ನೂ ಪೂರ್ಣವಾಗಿ ಸೇರಿಸಿಕೊಂಡರು. ಯುದ್ಧಕ್ಕೆ ಹೋಗುವವರನ್ನು ಆಯುಧವಿಲ್ಲದೆ ಕಳುಹಿಸಬಾರದೆಂಬದೇ ಅವರ ಅಭಿಪ್ರಾಯ. ಈ ಸಿಪ್ರಿಯನನು ಮೊದಲನೆಯ ಹಿಂಸೆಯಲ್ಲಿ ತಾನೂ ಅಡಗಿಕೊಂಡಿದ್ದು ಅದಕ್ಕಾಗಿ ನಿಂದೆಗೆ ಗುರಿಯಾದವನು. 258ರಲ್ಲಿ ಧೈರ್ಯದಿಂದ ರಕ್ತಸಾಕ್ಷಿಯಾದನು. 325ರಲ್ಲಿ ನೈಸೀಯದ ಮಹಾಸಭೆಯು ನೊವೇಷಿಯನನ ಪಕ್ಷದ ಬೋಧಕರನ್ನೂ, ಬಿದ್ದೆದ್ದವರೊಡನೆ ಅನ್ಯೋನ್ಯವಾಗಿರುವೆವೆಂದು ಬರೆದುಕೊಟ್ಟರೆ ಸೇರಿಸಿಕೊಳ್ಳಬಹುದೆಂದು ವಿಧಿಸಿತು. ಬಾಗಿಲನ್ನು ಮುಚ್ಚಿದವರಿಗೂ ಬಾಗಿಲು ತೆರೆಯಿತು!

"ಹೀಗೆ ಸೇರಿಸಿಕೊಂಡರೆ ಉಳಿದ ಮಕ್ಕಳು ಪಾಪಕ್ಕೆ ಹೆದರಾರೆ?" ಎಂದು ಕೆಲವು ತಂದೆತಾಯಿಗಳು ನನ್ನನ್ನು ಕೇಳಿದ್ದಾರೆ. ಈ ಭಯವನ್ನು ನಾನು ಹಗುರವಾಗಿ ಎಣಿಸುವದಿಲ್ಲ. ಕ್ಷಮಿಸುವದೆಂದರೆ ಪಾಪವನ್ನು ಪಾಪವಲ್ಲವೆಂದು ಹೇಳುವದಲ್ಲ. ಪಾಪವಲ್ಲದ್ದಕ್ಕೆ ಕ್ಷಮೆಯೇ ಬೇಕಾಗಿಲ್ಲ. ಜಕ್ಕಾಯನು ತಾನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟನ್ನು ತಿರುಗಿ ಕೊಡಲು ಒಪ್ಪಿದನು. ಆದರೆ ಕ್ರಮವನ್ನು ಗಮನಿಸಿರಿ. ಸ್ವಾಮಿಯು ಮೊದಲು ಅವನ ಮನೆಗೆ ಬರುವೆನೆಂದು ಹೇಳಿದನು, ಆಮೇಲೆ ಲೆಕ್ಕವು ಸರಿಹೋಯಿತು. ನಾವು ಮೊದಲು ಲೆಕ್ಕವನ್ನು ಕೇಳಿ, ಅದು ಒಪ್ಪಿಗೆಯಾದರೆ ಆಮೇಲೆ ಮನೆಗೆ ಕರೆಯುತ್ತೇವೆ.

ಪೇತ್ರನ ಸಂಗತಿಯೂ ಹೀಗೆಯೇ. ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಾ ಅವನು ಮೂರು ಸಾರಿ ತನ್ನ ಗುರುವನ್ನು ಅರಿಯೆನೆಂದನು. ಪುನರುತ್ಥಾನವಾದ ಮೇಲೆ ಸಮುದ್ರತೀರದಲ್ಲಿ ಸ್ವಾಮಿಯು ಅವನನ್ನು ಮತ್ತೆ ಕಂಡದ್ದೂ ಇದ್ದಲಿನ ಬೆಂಕಿಯ ಬಳಿಯಲ್ಲಿಯೇ. ಇದ್ದಲಿನ ಬೆಂಕಿಯನ್ನು ಸೂಚಿಸುವ ಆ ಗ್ರೀಕ್ ಶಬ್ದವು ಹೊಸ ಒಡಂಬಡಿಕೆಯಲ್ಲಿ ಈ ಎರಡು ಕಡೆಗಳಲ್ಲಿ ಮಾತ್ರ ಬರುತ್ತದೆ. ಅಲ್ಲಿ ಸ್ವಾಮಿಯು ಮೊದಲು ಊಟವನ್ನು ಕೊಟ್ಟನು. ಆಮೇಲೆ ಮೂರು ಸಾರಿ ಪ್ರಶ್ನೆ ಕೇಳಿದನು. ಪೇತ್ರನು ಅದರಿಂದ ನೊಂದನು ಸಹ. ಆದರೆ ಆ ಪ್ರಶ್ನೆಯು ಆ ರಾತ್ರಿ ಏಕೆ ಹಾಗೆ ಮಾಡಿದೆ ಎಂಬದಲ್ಲ, ನನ್ನಲ್ಲಿ ಪ್ರೀತಿಯುಂಟೋ ಎಂಬದು. ಪ್ರತಿಯೊಂದು ಉತ್ತರದ ಸಂಗಡ ಕೆಲಸವನ್ನೂ ಒಪ್ಪಿಸಿದನು. ಬಿದ್ದವನನ್ನು ಮೂಲೆಯಲ್ಲಿ ಕೂಡ್ರಿಸದೆ ಕುರಿಗಳನ್ನು ಕಾಯುವದಕ್ಕೆ ನೇಮಿಸಿದನು. ಪೂರ್ಣವಾದ ಕ್ಷಮೆಯ ಗುರುತು ಇದೇ.

ಆದುದರಿಂದ ತಂದೆತಾಯಿಗಳಿಗೆ ನನ್ನ ಬಿನ್ನಹವೇನಂದರೆ: ಮಗಳು ತಿರುಗಿ ಬಂದ ದಿನ ನೆರೆಹೊರೆಯವರ ಮುಖವನ್ನು ನೋಡಬೇಡಿರಿ, ಮಗಳ ಮುಖವನ್ನು ನೋಡಿರಿ. ಮೊದಲು ಎಲೆ ಹಾಕಿ ಬಡಿಸಿರಿ. ಹೇಳಬೇಕಾದ ಬುದ್ಧಿಯನ್ನು ನಾಳೆಯೂ ಹೇಳಬಹುದು. ಆಮೇಲೆ ಅವಳ ತಪ್ಪನ್ನು ಮನೆಯ ಗಾದೆಯಾಗಿ ಮಾಡದಿರಿ. ಸಭೆಯ ಹಿರಿಯರು ಅವಳಿಗೆ ಹಿಂದಿನ ಬೆಂಚನ್ನಲ್ಲ, ಕೈಗೊಂದು ಕೆಲಸವನ್ನು ಕೊಡಲಿ.

ಪ್ರಾರ್ಥನೆಯನ್ನು ಬಿಟ್ಟು ಬಹುಕಾಲವಾಯಿತೆಂದು ನಾಚಿಕೊಳ್ಳುತ್ತಿರುವ ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಮಾತು. ನೀವು ಯೋಗ್ಯರಾದ ಮೇಲೆ ಬರುವೆವೆಂದು ಕಾಯಬೇಡಿರಿ. ಕಿರಿಯ ಮಗನು ಸ್ನಾನಮಾಡಿ ಹೊಸ ಬಟ್ಟೆಯುಟ್ಟು ಹೊರಡಲಿಲ್ಲ. ಇದ್ದಂತೆಯೇ ಎದ್ದು ಹೊರಟನು. ನಮ್ಮಂಥವರ ಮುಖವನ್ನು ನೋಡಿ ದೇವರ ಮುಖವೂ ಹಾಗೆಯೇ ಇರಬಹುದೆಂದು ತಿಳಿಯಬೇಡಿರಿ. ನಾವು ತಪ್ಪಿದ್ದೇವೆ, ಆತನು ತಪ್ಪುವವನಲ್ಲ.

ಆ ದಿನ ಕಂಬದ ಬಳಿಯಲ್ಲಿ ನಿಂತಿದ್ದವಳ ಕೈಗೂ ಈ ಸಂಚಿಕೆಯು ಸೇರೀತು. ಮಗಳೇ, ನಾನು ಕೇಳಬೇಕಾಗಿದ್ದದ್ದು ಆ ಪ್ರಶ್ನೆಯಲ್ಲ. "ಬಂದೆಯಾ? ಒಳಗೆ ಬಾ" ಎಂದಷ್ಟೇ ಹೇಳಬೇಕಾಗಿತ್ತು. ಈಗ ಹೇಳುತ್ತೇನೆ. ನನ್ನನ್ನು ಕ್ಷಮಿಸು, ಒಳಗೆ ಬಾ.