ನಿಂತ ಕಾರಿಗೆ ಎಂಥ ಬ್ಯಾಟರಿ?

ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ನಂದಿಬೆಟ್ಟದ ಕಡೆ ಹೋಗಿಬಂದು, ಉಳಿದ ದಿನವೆಲ್ಲ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಮುಸುಕು ಹೊದ್ದು ಮಲಗಿರುವ ಸ್ಪೋರ್ಟ್ಸ್ ಕಾರುಗಳು ಬೆಂಗಳೂರಲ್ಲಿ ಈಗ ಅಪರೂಪವೇನಲ್ಲ. ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಯೊಬ್ಬರ ಹತ್ತಿರವೂ ಅಂಥದ್ದೊಂದಿದೆ: 997 ತಲೆಮಾರಿನ ಪೋರ್ಷೆ 911. ಅದರ ಬ್ಯಾಟರಿ ಹೋದಾಗ ಅವರು ನಮ್ಮನ್ನು ಕೇಳಿದ್ದು ಒಂದೇ ಮಾತು: "ಹೊಸದು ಯಾವ್ದು ಹಾಕಿಸ್ಲಿ, ಇಂಜಿನಿಯರುಗಳು ಹೇಳ್ರಪ್ಪ."

ಹಾಸ್ಟೆಲ್ ಮೆಸ್ಸಿನಲ್ಲಿ ಕೂಡಲೇ ಎರಡು ಪಕ್ಷ ಹುಟ್ಟಿಕೊಂಡವು. "ಪೋರ್ಷೆ ಅಂದ್ಮೇಲೆ ಲಿಥಿಯಂ ಕಣೋ, ಹತ್ತು ಕೆಜಿ ಉಳಿಯುತ್ತೆ" ಅಂತ ಒಂದು ಪಕ್ಷ. "ಸಿಸಿಎ ಯಾವುದರಲ್ಲಿ ಜಾಸ್ತಿ ಇದೆಯೋ ಅದನ್ನ ತಗೊಳ್ಳಿ, ಮುಗೀತು" ಅಂತ ಇನ್ನೊಂದು. ಇದನ್ನು ಬರೆಯುತ್ತಿರುವ ನಾವು ನಾಲ್ಕು ಜನ, ಇಬ್ಬರು ಮೆಕ್ಯಾನಿಕಲ್, ಇಬ್ಬರು ಎಲೆಕ್ಟ್ರಿಕಲ್, ಎರಡು ಪಕ್ಷಕ್ಕೂ ಸೇರಲಿಲ್ಲ. ಯಾಕಂದ್ರೆ ಇಬ್ಬರೂ ಕಾರು ಓಡುವ ಹೊತ್ತನ್ನು ನೋಡಿ ಬ್ಯಾಟರಿ ಆರಿಸುತ್ತಿದ್ದಾರೆ. ಈ ಕಾರು ತಿಂಗಳಿಗೆ ಮೂರು ಗಂಟೆ ಓಡುತ್ತೆ, ಏಳುನೂರಕ್ಕೂ ಹೆಚ್ಚು ಗಂಟೆ ನಿಂತಿರುತ್ತೆ. ಬ್ಯಾಟರಿ ಆರಿಸಬೇಕಾದ್ದು ಆ ಏಳುನೂರು ಗಂಟೆಗೆ.

ಲೆಕ್ಕ ಸಣ್ಣದು, ಒಮ್ಮೆ ಮಾಡಿ ನೋಡಿ. ಸ್ಟಾರ್ಟರ್ ಮೋಟಾರು 200 ಆಂಪಿಯರ್‌ನಂತೆ ಎರಡು ಸೆಕೆಂಡ್ ಎಳೆಯಿತು ಅಂತಿಟ್ಟುಕೊಳ್ಳಿ. 400 ಆಂಪಿಯರ್-ಸೆಕೆಂಡ್, ಅಂದರೆ ಬರೀ 0.11 ಆಂಪಿಯರ್-ಅವರ್. ಇನ್ನು ಕೀ ತೆಗೆದು ಲಾಕ್ ಮಾಡಿಟ್ಟ ಕಾರು: ಅಲಾರಂ, ರಿಮೋಟ್ ರಿಸೀವರು, ಗಡಿಯಾರ, ಇಸಿಯು ನೆನಪು ಇವೆಲ್ಲ ಸೇರಿ 30 ಮಿಲಿಆಂಪಿಯರ್ ಕುಡಿಯುತ್ತಾ ಇರುತ್ತವೆ. ಇಷ್ಟು ಸೋರಿಕೆ ಸಹಜವೇ, ಏನೂ ಕೆಟ್ಟಿಲ್ಲ. ಆದರೆ ದಿನಕ್ಕೆ ಅದು 0.72 ಆಂಪಿಯರ್-ಅವರ್ ಆಯ್ತು. ನಾವೆಲ್ಲ ಭಯಪಡುವ ಆ "ಧಡ್" ಅನ್ನುವ ಸ್ಟಾರ್ಟಿಂಗ್ ತಿನ್ನುವಷ್ಟು ಚಾರ್ಜನ್ನು, ನಿಂತ ಕಾರು ಸದ್ದಿಲ್ಲದೆ ನಾಲ್ಕು ಗಂಟೆಯೊಳಗೆ ತಿಂದು ಮುಗಿಸುತ್ತೆ.

ತಿಂಗಳಿಗೆ 21.6 ಆಂಪಿಯರ್-ಅವರ್. 70 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಇದರ ಮೇಲೆ ಬ್ಯಾಟರಿ ತನ್ನಷ್ಟಕ್ಕೆ ತಾನೇ ಖಾಲಿಯಾಗುವುದು ಬೇರೆ. ಅದು ಬಿಸಿಲಿಗೆ ಹೆಚ್ಚುತ್ತೆ. ಉಷ್ಣತೆ 10 ಡಿಗ್ರಿ ಏರಿದರೆ ಸುಮಾರು ಎರಡರಷ್ಟು. ಬೆಂಗಳೂರಿನ ಬೇಸ್‌ಮೆಂಟಿನಲ್ಲಿ ಬಾಳುವ ಬ್ಯಾಟರಿ ಮೇ ತಿಂಗಳ ಕಲಬುರಗಿಯ ಶೆಡ್ಡಿನಲ್ಲಿ ಅಷ್ಟೇ ದಿನ ಬಾಳುತ್ತೆ ಅಂತ ಅಂದುಕೊಳ್ಳಬೇಡಿ.

"ಭಾನುವಾರ ಓಡಿಸ್ತಾರಲ್ಲ, ಆಲ್ಟರ್ನೇಟರ್ ತುಂಬಿಸುತ್ತೆ ಬಿಡಿ" ಅನ್ನುವವರಿದ್ದಾರೆ. ಪೂರ್ತಿ ತುಂಬಿಸಲ್ಲ. ಸೀಸದ ಬ್ಯಾಟರಿ ಮೊದಲ ಭಾಗವನ್ನು ಬೇಗ ನುಂಗುತ್ತೆ, ಕೊನೆಯ 20 ಪರ್ಸೆಂಟ್ ತುಂಬಲು ಗಂಟೆಗಟ್ಟಲೆ ತಗೊಳ್ಳುತ್ತೆ. ಪ್ರತಿ ತಿಂಗಳೂ ಸ್ವಲ್ಪ ಬಾಕಿ ಉಳಿಯುತ್ತೆ. ಅರೆಹೊಟ್ಟೆಯಲ್ಲಿ ಬಿದ್ದಿರುವ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತೆ, ಆಮೇಲೆ ಚಾರ್ಜ್ ಕೊಟ್ಟರೂ ಕರಗಲ್ಲ. ಇನ್ನು ವಾರಕ್ಕೊಮ್ಮೆ ನಿಂತಲ್ಲೇ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಐಡಲ್ ಬಿಡುವ ಪದ್ಧತಿ ಇದೆಯಲ್ಲ, ಅದರಿಂದ ಎಂಜಿನ್ ಆಯಿಲ್‌ಗೆ ನೀರು ಸೇರುತ್ತೆ, ಬೇಸ್‌ಮೆಂಟಿನವರಿಗೆ ಹೊಗೆ ಸಿಗುತ್ತೆ, ಬ್ಯಾಟರಿಗೆ ಹೆಚ್ಚೇನೂ ಸಿಗಲ್ಲ.

ಈಗ ಸಿಸಿಎ ಪಕ್ಷದವರಿಗೆ. ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್ ಅಳೆಯುವುದು ಮೈನಸ್ 18 ಡಿಗ್ರಿಯಲ್ಲಿ: 30 ಸೆಕೆಂಡ್ ಎಳೆದರೂ ವೋಲ್ಟೇಜ್ 7.2ಕ್ಕಿಂತ ಕೆಳಗೆ ಇಳಿಯಬಾರದು. ಮಿನ್ನೆಸೋಟಾದ ಚಳಿಗಾಲಕ್ಕೆ ಬೇಕಾದ ಅಂಕಿ ಅದು. ಮೈಸೂರು ರಸ್ತೆಯಲ್ಲಿ ಅಂಥ ಚಳಿ ಬಿದ್ದ ದಿನ ಕಾರು ಸ್ಟಾರ್ಟ್ ಆಗದಿರುವುದು ನಮ್ಮ ದೊಡ್ಡ ಸಮಸ್ಯೆ ಆಗಿರಲಿಕ್ಕಿಲ್ಲ! ಅದೇ ಡಬ್ಬಿಯಲ್ಲಿ ಸಿಸಿಎ ಹೆಚ್ಚಿಸಬೇಕಾದರೆ ತೆಳ್ಳಗಿನ ಪ್ಲೇಟುಗಳನ್ನು ಹೆಚ್ಚು ತುರುಕಬೇಕು. ತೆಳ್ಳಗಿನ ಪ್ಲೇಟು ಆಳವಾಗಿ ಖಾಲಿಯಾಗುವುದನ್ನು ಚೆನ್ನಾಗಿ ತಡೆಯಲ್ಲ. ಕಾರು ತಯಾರಕರು ಹೇಳಿದಷ್ಟು ಇದ್ದರೆ ಸಾಕು.

ಲಿಥಿಯಂ ಪಕ್ಷದವರ ವಾದ ಇದಕ್ಕಿಂತ ಗಟ್ಟಿ, ಹಾಗಾಗಿ ಸ್ವಲ್ಪ ನಿಂತು ನೋಡೋಣ. ಪೋರ್ಷೆ ಕಂಪನಿಯೇ 2009ರಲ್ಲಿ 911 ಜಿಟಿ3 ಮತ್ತು ಬಾಕ್ಸ್‌ಸ್ಟರ್ ಸ್ಪೈಡರ್‌ಗೆ ಲಿಥಿಯಂ ಸ್ಟಾರ್ಟರ್ ಬ್ಯಾಟರಿಯನ್ನು ಐಚ್ಛಿಕವಾಗಿ ಕೊಡುವುದಾಗಿ ಪ್ರಕಟಿಸಿತು. ತೂಕ 6 ಕೆಜಿಗಿಂತ ಕಡಿಮೆ. 60 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಗಿಂತ 10 ಕೆಜಿಗೂ ಹೆಚ್ಚು ಹಗುರ. ಬೆಲೆ ಜರ್ಮನಿಯಲ್ಲಿ 1,904 ಯೂರೋ. ಆದರೆ ಅದರ ನಿಜವಾದ ಸಾಮರ್ಥ್ಯ 18 ಆಂಪಿಯರ್-ಅವರ್. ಎಂಜಿನ್ ತಿರುಗಿಸಲು ಅಷ್ಟು ಧಾರಾಳ, ಯಾಕಂದ್ರೆ ಲಿಥಿಯಂ ತನ್ನ ಬಹುಪಾಲು ಚಾರ್ಜನ್ನು ವೋಲ್ಟೇಜ್ ಬೀಳಿಸದೆ ಕೊಡುತ್ತೆ. ಆದರೆ ನಮ್ಮ ದಿನಕ್ಕೆ 0.72 ಲೆಕ್ಕ ಹಿಡಿದರೆ 18 ಎಷ್ಟು ದಿನ? ಇಪ್ಪತ್ತೈದು. ಇನ್ನೊಂದು ವಿಷಯ: ಚಳಿಗೆ ಈ ಬ್ಯಾಟರಿ ಸೊರಗುತ್ತೆ ಅಂತ ಕಂಪನಿಯವರು ಅದರ ಜೊತೆಗೆ ಒಂದು ಮಾಮೂಲಿ ಸೀಸದ ಬ್ಯಾಟರಿಯನ್ನೂ ಕೊಡುತ್ತಿದ್ದರು.  ಅಂಥ ಲಿಥಿಯಂ ಬ್ಯಾಟರಿಯನ್ನು ನಾವು ಬೇಸ್‌ಮೆಂಟಿಗೆ ತಂದು ಕಟ್ಟಿದರೆ ಹೇಗೆ?

ಹೊರಗೆ ಸಿಗುವ ಅಗ್ಗದ ಲಿಥಿಯಂ ಬ್ಯಾಟರಿಗಳಲ್ಲಂತೂ ಲೇಬಲ್ ಎರಡು ಸಲ ಓದಬೇಕು. ಕೆಲವದರ ಮೇಲೆ "12 ಆಂಪಿಯರ್-ಅವರ್ ಈಕ್ವಿವಲೆಂಟ್" ಅಂತ ಇರುತ್ತೆ. ಅದು ಅಷ್ಟು ದೊಡ್ಡ ಸೀಸದ ಬ್ಯಾಟರಿಯಷ್ಟು ಜೋರಾಗಿ ಕ್ರ್ಯಾಂಕ್ ಮಾಡುತ್ತೆ ಅನ್ನುವ ಹೋಲಿಕೆ ಮಾತ್ರ. ಒಳಗಿರುವುದು ಅದರ ಮೂರನೇ ಒಂದು ಭಾಗ, ನಾಲ್ಕು. ನಾಲ್ಕನ್ನು 0.72ರಿಂದ ಭಾಗಿಸಿ. ಸೋಮವಾರ ಲಾಕ್ ಮಾಡಿ ಊರಿಗೆ ಹೋದರೆ ಶನಿವಾರದೊಳಗೆ ಖಾಲಿ.

ಅಷ್ಟಕ್ಕೂ ಬ್ಯಾಟರಿ ಖಾಲಿಯಾದರೆ ಏನಾಗುತ್ತೆ, ತಳ್ಳಿ ಸ್ಟಾರ್ಟ್ ಮಾಡೋಣ ಅನ್ನಬಹುದು. ಈ 911ರಲ್ಲಿ ಎಂಜಿನ್ ಹಿಂದೆ, ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿ. ಆ ಡಿಕ್ಕಿಯ ಬೀಗ ಬಿಚ್ಚುವುದು ವಿದ್ಯುತ್ತಿನಿಂದ. ಬ್ಯಾಟರಿ ಸತ್ತರೆ ಬ್ಯಾಟರಿ ಇರುವ ಬಾಗಿಲು ತೆರೆಯಲ್ಲ! ಫ್ಯೂಸ್ ಪೆಟ್ಟಿಗೆಯಲ್ಲಿ ಎಳೆದು ತೆಗೆಯುವ ಒಂದು ಟರ್ಮಿನಲ್ ಇದೆ. ಅದಕ್ಕೆ ಹೊರಗಿಂದ 12 ವೋಲ್ಟ್ ಕೊಟ್ಟು ಬೀಗ ಬಿಡಿಸಬೇಕು. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗಾಯ್ತು. ಇದರಿಂದ ಇನ್ನೊಂದು ತೊಂದರೆಯೂ ಇದೆ. "ನಿಲ್ಲಿಸುವಾಗ ನೆಗೆಟಿವ್ ಕಳಚಿಡಿ" ಅನ್ನುವ ಸುಲಭದ ಸಲಹೆ ಈ ಕಾರಿಗೆ ಅಷ್ಟು ಸುಲಭವಾಗಿ ಹೊಂದಲ್ಲ.

ಹಾಗಾದರೆ ನಾವು ಹೇಳಿದ್ದೇನು? ಕಾರಿನ ಟ್ರೇಗೆ ಸರಿಯಾಗಿ ಕೂರುವ, ತಯಾರಕರು ಹೇಳಿದ ಅಳತೆಯ, 70 ಆಂಪಿಯರ್-ಅವರ್ ಆಸುಪಾಸಿನ ಎಜಿಎಂ ಬ್ಯಾಟರಿ. ಜೊತೆಗೆ ಅದಕ್ಕೊಂದು ಮೇಂಟೇನರ್ ಚಾರ್ಜರ್. ಎಜಿಎಂನಲ್ಲಿ ಆಮ್ಲವನ್ನು ಗಾಜಿನ ನಾರಿನ ಹಾಸು ಹೀರಿಟ್ಟುಕೊಂಡಿರುತ್ತೆ, ಚೆಲ್ಲಲ್ಲ, ಡಿಸ್ಟಿಲ್ಡ್ ವಾಟರ್ ಕೇಳಲ್ಲ, ತಾನಾಗಿ ಖಾಲಿಯಾಗುವ ವೇಗವೂ ಕಡಿಮೆ. ನಮ್ಮಲ್ಲಿ ಸ್ಟಾರ್ಟ್-ಸ್ಟಾಪ್ ಕಾರುಗಳಿಗೆ ಅಂತ ಮಾರುವ ಎಜಿಎಂ ಬ್ಯಾಟರಿಗಳಲ್ಲೇ ಅಳತೆ ಹುಡುಕಬಹುದು. ಬ್ಯಾಟರಿ ಡಿಕ್ಕಿಯೊಳಗೆ ಇರುವ ಕಾರುಗಳಲ್ಲಿ ಗ್ಯಾಸ್ ಹೊರಗೆ ಹೋಗುವ ಕೊಳವೆ ಇರುತ್ತೆ. ಹೊಸ ಬ್ಯಾಟರಿಗೆ ಅದನ್ನು ಸಿಕ್ಕಿಸುವ ಜಾಗ ಇದೆಯಾ, ಸರಿಯಾದ ಬದಿಯಲ್ಲಿದೆಯಾ ನೋಡಿಯೇ ದುಡ್ಡು ಕೊಡಿ. ಎಜಿಎಂ ಸೀಲ್ ಆಗಿದೆ ಅಂದರೂ ಅದಕ್ಕೆ ವಾಲ್ವ್ ಇದೆ, ಓವರ್‌ಚಾರ್ಜ್ ಆದರೆ ಹೈಡ್ರೋಜನ್ ಬಿಡುತ್ತೆ. ಗಾಳಿಯಲ್ಲಿ 4 ಪರ್ಸೆಂಟ್ ಹೈಡ್ರೋಜನ್ ಸೇರಿದರೆ ಒಂದು ಕಿಡಿ ಸಾಕು. ಅಂಗಡಿಗೆ ಹೋಗುವಾಗ ಮಲ್ಟಿಮೀಟರ್ ತಗೊಂಡು ಹೋಗಿ, 12.6ಕ್ಕಿಂತ ಕಡಿಮೆ ತೋರಿಸುವ "ಹೊಸ" ಬ್ಯಾಟರಿ ಬೇಡ, ಅದು ಶೆಲ್ಫಿನ ಮೇಲೇ ಮುಪ್ಪಾಗುತ್ತಿದೆ.

ಚಾರ್ಜರ್ ಯಾಕೆ, ದುಡ್ಡು ದಂಡ ಅಂತ ಮೂಗು ಮುರಿದವರೂ ಇದ್ದಾರೆ. ಎರಡು ವರ್ಷಕ್ಕೊಂದು ಬ್ಯಾಟರಿ ಕೊಂದು ಹೊಸದು ತಗೊಳ್ಳುವ ಶಕ್ತಿ ಪೋರ್ಷೆ ಇರುವವರಿಗೆ ಇರುತ್ತೆ, ನಿಜ. ಆದರೆ ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತೆ? ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ನಮ್ಮ ದೇಶದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿಯಮ ಬಂದ ಮೇಲೆ ಅದನ್ನು ವಾಪಸ್ ಪಡೆದು ಸಂಸ್ಕರಿಸುವ ಹೊಣೆ ತಯಾರಕರದ್ದು. ಆದರೂ ಗುಜರಿಯವನು ಕೈಯಲ್ಲಿ ನಗದು ಇಟ್ಟರೆ ಬ್ಯಾಟರಿ ಆ ಕಡೆಗೇ ಹೋಗುತ್ತೆ. ಎಲ್ಲೋ ಹಿತ್ತಲಲ್ಲಿ ಒಡೆದು, ಆಮ್ಲ ಮಣ್ಣಿಗೆ ಸುರಿದು, ಸೀಸ ಕರಗಿಸುತ್ತಾರೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇದೆ. ಅದಕ್ಕೆ ಹೀಗೆ ಬ್ಯಾಟರಿ ಕರಗಿಸುವುದು ಮುಖ್ಯ ಕಾರಣಗಳಲ್ಲೊಂದು ಅನ್ನುತ್ತೆ ಆ ವರದಿ. ಓಡದೆ ನಿಂತು ಸತ್ತ ಬ್ಯಾಟರಿ ಆ ರಾಶಿಗೆ ಸೇರುವುದು ನಮಗೆ ಎಲ್ಲಕ್ಕಿಂತ ಸಂಕಟ ತರುವ ಸಂಗತಿ. ಬಳಸಿ ಸವೆದದ್ದಾದರೆ ಬೇರೆ ಮಾತು.

ಲಿಥಿಯಂ ಪಕ್ಷಕ್ಕೆ ಒಂದು ಕಡೆ ಮಾತ್ರ ನಮ್ಮ ಪೂರ್ತಿ ಬೆಂಬಲ. ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಫಾರ್ಮುಲಾ ಭಾರತ್ ಅಂತ ಹೋಗುವ ವಿದ್ಯಾರ್ಥಿ ತಂಡಗಳ ಕಾರೂ ವರ್ಷಕ್ಕೆ ಕೆಲವೇ ದಿನ ಓಡುವ ಸ್ಪೋರ್ಟ್ಸ್ ಕಾರೇ. ಆದರೆ ಅದರಲ್ಲಿ ಮಾಸ್ಟರ್ ಸ್ವಿಚ್ ತಿರುಗಿಸಿದರೆ ಎಲ್ಲ ಸಂಪರ್ಕ ಕಟ್. ಸೋರಿಕೆ ಸೊನ್ನೆ. ಅಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಹಾಕಿ, ತಿಂಗಳುಗಟ್ಟಲೆ ವರ್ಕ್‌ಶಾಪಿನ ಮೂಲೆಯಲ್ಲಿ ಬಿಟ್ಟರೂ ಹೆಚ್ಚು ಇಳಿಯಲ್ಲ, ಉಳಿದ ಕೆಜಿಗಳು ಲ್ಯಾಪ್ ಟೈಮಿಗೆ ನೆರವಾಗುತ್ತವೆ. ಒಂದೇ ಎಚ್ಚರ: ಸೀಸದ ಬ್ಯಾಟರಿಯ ಹಳೇ ಚಾರ್ಜರನ್ನು ಅದಕ್ಕೆ ಹಚ್ಚಬೇಡಿ. ಸಲ್ಫೇಟ್ ಬಿಡಿಸುವ ಮೋಡ್‌ನಲ್ಲಿ 15 ವೋಲ್ಟ್ ದಾಟುವ ಚಾರ್ಜರುಗಳಿವೆ, ಲಿಥಿಯಂಗೆ ಅದು ಆಗಿಬರಲ್ಲ.

ಹಾಸ್ಟೆಲ್ ಪಾರ್ಕಿಂಗಿನ ಬೈಕುಗಳಿಗೂ ಇದೇ ಲೆಕ್ಕ. ಸೆಮಿಸ್ಟರ್ ರಜೆಗೆ ಎರಡು ತಿಂಗಳು ಊರಿಗೆ ಹೋಗುವವರು ಸೀಟಿನ ಕೆಳಗೆ ಕೈಹಾಕಿ ನೆಗೆಟಿವ್ ಕಳಚಿಟ್ಟು ಹೋಗಿ. ನಿಮ್ಮ ಬೈಕಿನ ಸೀಟು ತೆಗೆಯಲು ಕರೆಂಟು ಬೇಡ.

ನಮ್ಮ ಹಳೆ ವಿದ್ಯಾರ್ಥಿ ಅಣ್ಣ ಎಜಿಎಂ ಹಾಕಿಸಿದ್ದಾರೆ, ಚಾರ್ಜರೂ ಬಂದಿದೆ. ಬೇಸ್‌ಮೆಂಟಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಅಸೋಸಿಯೇಷನ್‌ನವರು "ಒಬ್ಬರಿಗೆ ಕೊಟ್ರೆ ಎಲ್ಲರಿಗೂ ಕೊಡ್ಬೇಕಾಗುತ್ತೆ, ಬಿಲ್ ಯಾರು ಕಟ್ತಾರೆ" ಅಂತ ಹಠ ಹಿಡಿದಿದ್ದಾರೆ. ಅದಕ್ಕೂ ಲೆಕ್ಕ ಹಾಕಿ ಕಳಿಸಿದ್ದೇವೆ: ಬ್ಯಾಟರಿಗೆ ಹೋಗುವುದು ದಿನಕ್ಕೆ 10 ವ್ಯಾಟ್-ಅವರ್, ಚಾರ್ಜರಿನ ಸ್ವಂತ ಖರ್ಚು ಸೇರಿಸಿದರೂ ತಿಂಗಳಿಗೆ ಎರಡು-ಮೂರು ಯೂನಿಟ್. ಮುಂದಿನ ಭಾನುವಾರದ ಮೀಟಿಂಗಿಗೆ ಆ ಕಾಗದ ಹೋಗುತ್ತಿದೆ.